ಹೊತ್ತು ತಪ್ಪಿದ ತಿದ್ದುಪಾಟು

ನಮ್ಮ ಮನೆಯ ಅಟ್ಟದ ಮೇಲೆ ಸುಮಾರು 50 ವರ್ಷಗಳ ಕಾಲ ಒಂದು ವಾಲ್ವು ಧ್ವನಿವರ್ಧಕವು ಧೂಳು ಹೊದ್ದು ಕುಳಿತಿದ್ದಿತು. ದಿವಂಗತನಾದ ನಮ್ಮ ಅಣ್ಣನು ಕಾಲೇಜಿನ ದಿನಗಳಲ್ಲಿ ಸ್ವಹಸ್ತದಿಂದ ಕಟ್ಟಿದ್ದು ಅದು. 1947ರಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಿಲಿಯಂಸನ್ ಎಂಬಾತನು ಪ್ರಕಟಿಸಿದ ನಕ್ಷೆಯೇ ಅವನಿಗೆ ಆಧಾರ. ಆದರೆ ವಿದ್ಯುತ್ತು ಹಾಯಿಸಿದೊಡನೆ ಸಂಗೀತದ ಹಿಂದೆ ‘ಢಬ್ ಢಬ್’ ಎಂದು ದೋಣಿಯ ಇಂಜಿನ್ನು ಬಡಿದಂತೆ ಸದ್ದು! “ಓದನ್ನು ಬಿಟ್ಟು ದೋಣಿ ಕಟ್ಟಿದೆಯೇನೋ?” ಎಂದು ತೀರ್ಥರೂಪರು ನಕ್ಕರು. ಅಣ್ಣನು ಮರುಮಾತಾಡದೆ ಅದನ್ನು ಅಟ್ಟಕ್ಕೇರಿಸಿದನು. ಮತ್ತೆಂದೂ ಬೆಸುಗೆಯ ಕೆಲಸಕ್ಕೆ ಕೈಹಾಕಲಿಲ್ಲ.

ಪಾಠಶಾಲೆಯಲ್ಲಿ ಸಂಧಿಸಮಾಸಗಳನ್ನು ಕಲಿತ ನಾನು ಬೆಸುಗೆಯ ಸಂಧಿಯನ್ನು ಕಲಿತುದು ನಿವೃತ್ತಿಯ ತರುವಾಯ. ಕಳೆದ ವರ್ಷ ಯಂತ್ರವನ್ನು ಕೆಳಗಿಳಿಸಿ, ವಿದ್ಯುತ್ತನ್ನೊದಗಿಸುವ ಭಾಗದ ಒಣಗಿದ ಕಂಡೆನ್ಸರುಗಳನ್ನು ಮೊದಲು ಬದಲಾಯಿಸಿದೆನು. ಸದ್ದು ನಿಲ್ಲಲಿಲ್ಲ. ಆಮೇಲೆ ಕೊನೆಯ ಟ್ರಾನ್ಸ್‌ಫಾರ್ಮರಿನಿಂದ ಮೊದಲನೆಯ ವಾಲ್ವಿಗೆ ಹಿಂದಿರುಗುವ ತಂತಿಯನ್ನು ಬಿಡಿಸಿದೆನು. ಸದ್ದು ಥಟ್ಟನೆ ಅಡಗಿತು!

ಈ ತಂತಿಯದು ಉಪಾಧ್ಯಾಯನ ಕೆಲಸ. ಹೊರಟ ಧ್ವನಿಯ ಒಂದಂಶವನ್ನು ತಿರುಗಿ ಒಳಕ್ಕೆ ತಂದು, ತಪ್ಪನ್ನು ಕಳೆಯುವುದು. 1927ರಲ್ಲಿ ಅಮೆರಿಕದ ಹೆರಾಲ್ಡ್ ಬ್ಲ್ಯಾಕನು ಕಂಡ ಉಪಾಯವಿದು. ವಿಲಿಯಂಸನ್ನನ ಯಂತ್ರದಲ್ಲಿ ಇದರಿಂದ ವರ್ಧನವು ಹತ್ತರಲ್ಲೊಂದು ಪಾಲಿಗೆ ಇಳಿದು, ಧ್ವನಿಯ ವಿಕಾರವೂ ತಗ್ಗುತ್ತದೆ. ಆದರೆ ಅತಿ ಮಂದ್ರದಲ್ಲಿ ವಾಲ್ವುಗಳನ್ನು ಜೋಡಿಸುವ ಕಂಡೆನ್ಸರುಗಳೂ ಟ್ರಾನ್ಸ್‌ಫಾರ್ಮರೂ ಅಲೆಯ ಹೊತ್ತನ್ನು ಅಷ್ಟಷ್ಟು ಪಲ್ಲಟಗೊಳಿಸುತ್ತವೆ. ಅವೆಲ್ಲವೂ ಕೂಡಿ ಅರ್ಧ ಆವರ್ತದಷ್ಟಾದರೆ, ಕಳೆಯಬೇಕಾದದ್ದು ಕೂಡತೊಡಗುವುದು. ಅಲ್ಲಿ ಬಲವೂ ಉಳಿದಿದ್ದರೆ ಯಂತ್ರವು ತಾನಾಗಿಯೇ ಬಡಿದುಕೊಳ್ಳುವುದು. ಹೊತ್ತು ತಪ್ಪಿದ ತಿದ್ದುಪಾಟು ತಪ್ಪನ್ನೇ ಪೋಷಿಸುತ್ತದೆ.

ಆ ನಕ್ಷೆಯು ಟ್ರಾನ್ಸ್‌ಫಾರ್ಮರಿಗೆ ಕಠಿಣವಾದ ನಿಯಮಗಳನ್ನು ವಿಧಿಸಿದೆ. ಅಣ್ಣನಿಗೆ ದೊರೆತದ್ದು ಊರಿನಲ್ಲಿ ಸುತ್ತಿಸಿದ್ದು. ಅಳೆದು ನೋಡಿದರೆ ಅದರ ಇಂಡಕ್ಟೆನ್ಸು ಸಾಲದು. ನಾನು ಮೊದಲನೆಯ ಜೋಡಣೆಯ 0.05 ಮೈಕ್ರೊಫ್ಯಾರಡಿನ ಕಂಡೆನ್ಸರುಗಳನ್ನು ತೆಗೆದು 0.25ರವನ್ನು ಹಾಕಿದೆನು. ಪಲ್ಲಟಗಳೆಲ್ಲ ಒಂದೆಡೆಯಲ್ಲಿ ಸೇರುವುದು ತಪ್ಪಿತು. ತಂತಿಯನ್ನು ಮರಳಿ ಬೆಸೆದು, ಅಣ್ಣನ ಪೆಟ್ಟಿಗೆಯಲ್ಲಿದ್ದ ವೀಣೆಯ ರಿಕಾರ್ಡನ್ನು ಹಾಕಿದೆನು. ವೀಣೆಯ ಹೊರತು ಮತ್ತೇನೂ ಕೇಳಿಸಲಿಲ್ಲ.

ಅಣ್ಣನು ಬೆಸೆದ ಒಂದು ಸಂಧಿಯಲ್ಲಿಯೂ ದೋಷವಿರಲಿಲ್ಲ. ಈ ಮಾತನ್ನು ಕೇಳಲು ಅವನಿಲ್ಲ. ಮೂವತ್ತು ವರ್ಷ ಮಕ್ಕಳ ಪುಸ್ತಕಗಳಲ್ಲಿ ಕೆಂಪು ಗೆರೆ ಎಳೆದವನು ನಾನು. ಹೊತ್ತರಿಯದೆ ಎಳೆದವು ಎಷ್ಟೋ; ಯಾವ ಯಾವ ಅಟ್ಟಗಳ ಮೇಲೆ ಏನೇನು ಕುಳಿತಿದೆಯೋ!