ಕಾಲೇಜು ಎಂಬ ಕಾಲಂ

ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ, ಆರೂವರೆ ಹೊತ್ತಿಗೆ, ನಾನು ಓದಿದ ಯೂನಿವರ್ಸಿಟಿಯ ಹುಡುಗಿಯೊಬ್ಬಳನ್ನು ಒಂದೇ ಕ್ಲಿಕ್ಕಿನಲ್ಲಿ ಹೊರಗೆ ಹಾಕಿದೆ.

ಅವಳು ಯಾರು ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಟೀಮಿನಲ್ಲಿ ಡೇಟಾ ಅನಲಿಸ್ಟ್ ಕೆಲಸ ಎರಡು ಖಾಲಿ ಇತ್ತು. ಎಚ್‌ಆರ್‌ನವರು ಒಂದು ಎಕ್ಸೆಲ್ ಶೀಟ್ ಕಳಿಸಿದ್ದರು. ನಾನೂರು ಚಿಲ್ಲರೆ ಜನ. ಹೆಸರು, ಡಿಗ್ರಿ, ಪಾಸಾದ ವರ್ಷ, ಅನುಭವ, ಆಮೇಲೆ ‘ಕಾಲೇಜು’ ಅಂತ ಒಂದು ಕಾಲಂ. ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ಕಾಲಂ, ಅದರಲ್ಲಿ 1, 2 ಅಥವಾ 3. ಐಐಟಿ ಥರದವು 1. ಹೆಸರಾಂತ ಖಾಸಗಿ ಕಾಲೇಜುಗಳು 2. ಮಿಕ್ಕಿದ್ದೆಲ್ಲ 3. ‘ಮೊದಲು 3 ತೆಗೆದುಬಿಡಿ, ಆಮೇಲೆ ಮಿಕ್ಕಿದ್ದು ನೋಡೋಣ’ ಅಂತ ಮೇಲಿನವರು ಹೇಳಿದ್ದರು. ನಾನೂರು ರೆಸ್ಯೂಮ್ ಓದೋಕೆ ಯಾರಿಗಿದೆ ಪುರುಸೊತ್ತು?

ಫಿಲ್ಟರ್ ಹಾಕುವ ಮುಂಚೆ ಸುಮ್ಮನೆ ಸ್ಕ್ರೋಲ್ ಮಾಡ್ತಾ ಇದ್ದೆ. ಒಂದು ಸಾಲು ಕಣ್ಣಿಗೆ ಬಿತ್ತು. ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್, ಮೈಸೂರು ವಿಶ್ವವಿದ್ಯಾಲಯ, ಮಾನಸಗಂಗೋತ್ರಿ. ನನ್ನದೇ ಡಿಪಾರ್ಟ್‌ಮೆಂಟು. ಪಕ್ಕದಲ್ಲಿ 3. ಒಂದು ಕ್ಷಣ ಬೆರಳು ನಿಂತಿತು. ಆಮೇಲೆ 3ರ ಮುಂದಿದ್ದ ಟಿಕ್ ತೆಗೆದೆ. ನಾನೂರು ಹೋಗಿ ಎಪ್ಪತ್ತಾಯಿತು. ಲ್ಯಾಪ್‌ಟಾಪ್ ಮುಚ್ಚಿ ಮೆಟ್ರೋ ಹತ್ತಿದೆ.

ಜಯನಗರ ಬರೋ ಹೊತ್ತಿಗೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಯಾಕಂದ್ರೆ ನಾನೂ 3. ಹತ್ತು ವರ್ಷದ ಹಿಂದೆ ಇದೇ ಶೀಟಿನಲ್ಲಿ ನನ್ನ ಹೆಸರಿದ್ದಿದ್ದರೆ ನಾನೂ ಇದೇ ಕ್ಲಿಕ್ಕಿಗೆ ಮಾಯವಾಗುತ್ತಿದ್ದೆ. ನನ್ನ ಮೊದಲ ಕೆಲಸ ಸಿಕ್ಕಿದ್ದು ಒಂದು ಲಿಖಿತ ಪರೀಕ್ಷೆಯಿಂದ. ಆ ಉತ್ತರ ಪತ್ರಿಕೆಯ ಮೇಲೆ ನಂಬರ್ ಇತ್ತು, ಕಾಲೇಜಿನ ಹೆಸರು ಇರಲಿಲ್ಲ. ಅದು ನನ್ನ ಅದೃಷ್ಟ.

ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ನನ್ನ ಲಿಂಕ್ಡ್‌ಇನ್ ಪುಟದಲ್ಲಿ ದೊಡ್ಡ ಹೆಸರಿನ ಸಂಸ್ಥೆಯೊಂದರ ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಮೇಲಿದೆ. ಎರಡು ವರ್ಷ ಕುಕ್ಕರಹಳ್ಳಿ ಕೆರೆ ಪಕ್ಕದಲ್ಲಿ ಕೂತು ಕಲಿತ ಎಂ.ಎಸ್ಸಿ. ಕೆಳಗಿದೆ. ನಾನೇ ಹಾಗೆ ಜೋಡಿಸಿದ್ದು.

ಶನಿವಾರ ಬೆಳಿಗ್ಗೆ ಎದ್ದು, ಮೈಸೂರಿನವರೆಲ್ಲ ಮಾಡೋದನ್ನೇ ಮಾಡಿದೆ. ಯಾರಾದರೂ ನಮ್ಮ ಯೂನಿವರ್ಸಿಟಿ ಬಗ್ಗೆ ಹಗುರವಾಗಿ ಮಾತಾಡಿದರೆ ನಾವು ಪಟ್ಟಿ ಒಪ್ಪಿಸ್ತೀವಿ. ಕುವೆಂಪು, ಆರ್.ಕೆ. ನಾರಾಯಣ್, ಆರ್.ಕೆ. ಲಕ್ಷ್ಮಣ್, ಅನಂತಮೂರ್ತಿ, ಲಂಕೇಶ್, ಭೈರಪ್ಪ, ತೇಜಸ್ವಿ, ದೇವನೂರ ಮಹಾದೇವ, ಸಮಾಜಶಾಸ್ತ್ರದ ಎಂ.ಎನ್. ಶ್ರೀನಿವಾಸ್, ವಿಜ್ಞಾನಿ ಸಿ.ಎನ್.ಆರ್. ರಾವ್, ಇನ್ಫೋಸಿಸ್ ನಾರಾಯಣಮೂರ್ತಿ, ಜಾವಗಲ್ ಶ್ರೀನಾಥ್. ಉಸಿರು ಬಿಡದೆ ಹೇಳಬಹುದು. ಈ ಸಲ ಒಪ್ಪಿಸಬೇಕಾಗಿದ್ದು ನನಗೇ.

ಆದರೆ ನಾನು ಓದಿರೋದು ಸ್ಟ್ಯಾಟಿಸ್ಟಿಕ್ಸ್. ಇಂಥ ಪಟ್ಟಿ ಏನನ್ನೂ ಸಾಬೀತು ಮಾಡಲ್ಲ ಅಂತ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಟ್ಟಿದ್ದಾರೆ. 1916ರಲ್ಲಿ ಶುರುವಾದ ಯೂನಿವರ್ಸಿಟಿಯಲ್ಲಿ ಲಕ್ಷಾಂತರ ಜನ ಓದಿದ್ದಾರೆ. ಅವರಲ್ಲಿ ಗೆದ್ದ ಹನ್ನೆರಡು ಜನರನ್ನು ಆರಿಸಿ ತೋರಿಸೋದು ಲಾಟರಿ ಹೊಡೆದವರ ಫೋಟೋ ಅಂಗಡಿ ಮುಂದೆ ಅಂಟಿಸಿದ ಹಾಗೆ. ಸಾಲದ್ದಕ್ಕೆ ಆ ಹೆಸರಿನ ಯೂನಿವರ್ಸಿಟಿ ಅವತ್ತು ಇದ್ದ ಹಾಗೆ ಇವತ್ತಿಲ್ಲ. ಶುರುವಿನಲ್ಲಿ ಅದರ ಎರಡು ಕಂಬ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಸಿ.ಎನ್.ಆರ್. ರಾವ್ 1951ರಲ್ಲಿ ಬಿ.ಎಸ್ಸಿ. ಮುಗಿಸಿದ್ದು ಸೆಂಟ್ರಲ್ ಕಾಲೇಜಿನಲ್ಲಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬಂದ ಮೇಲೆ ಆ ಕಾಲೇಜು ನಮ್ಮದಲ್ಲ. ಮೂರ್ತಿ ಮತ್ತು ಶ್ರೀನಾಥ್ ಓದಿದ ಇಂಜಿನಿಯರಿಂಗ್ ಕಾಲೇಜುಗಳೂ ಈಗ ನಮ್ಮ ಯೂನಿವರ್ಸಿಟಿಯಲ್ಲಿಲ್ಲ. ಹಾಗಾಗಿ ‘ನೋಡಿ, ಇವರೆಲ್ಲ ನಮ್ಮವರು, ಆದ್ದರಿಂದ ಆ ಹುಡುಗಿಯೂ ಒಳ್ಳೆಯವಳು’ ಅಂತ ಸೋಮವಾರ ಮ್ಯಾನೇಜರ್ ಮುಂದೆ ಹೇಳೋಕಾಗಲ್ಲ. ಹೇಳಿದರೆ ನಗ್ತಾರೆ, ನಗೋದು ಸರಿಯೂ ಹೌದು.

ಪಟ್ಟಿಯನ್ನು ಬದಿಗಿಡಬೇಕು ಅಂತಿದ್ದೆ. ಇಡೋ ಮುಂಚೆ ಅದನ್ನು ಇನ್ನೊಂದು ರೀತಿ ನೋಡಿದೆ. ಇವರೆಲ್ಲ ಆಮೇಲೆ ಏನಾದರು ಅನ್ನೋದನ್ನು ಮರೆತು, ಇಪ್ಪತ್ತೊಂದನೇ ವಯಸ್ಸಿನಲ್ಲಿ ಇವರ ರೆಸ್ಯೂಮ್ ನಮ್ಮ ಶೀಟಿಗೆ ಬಂದಿದ್ದರೆ ಹೇಗಿರುತ್ತಿತ್ತು?

ಆರ್.ಕೆ. ನಾರಾಯಣ್ ಅವರದ್ದು ತೆಗೆದುಕೊಳ್ಳಿ. ಹೈಸ್ಕೂಲು ಮುಗಿದ ಮೇಲೆ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲು. ಅಪ್ಪ ಹೆಡ್‌ಮಾಸ್ಟರು, ಮಗ ಒಂದು ವರ್ಷ ಮನೆಯಲ್ಲಿ. ಆ ವರ್ಷ ಪೂರ್ತಿ ಓದೋದು, ಬರೆಯೋದು, ಊರು ಸುತ್ತೋದು. 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ಹಿಡಿಯಿತು, 1930ರಲ್ಲಿ ಮುಗಿಯಿತು. ಆಮೇಲೆ ಚನ್ನಪಟ್ಟಣದಲ್ಲಿ ಮೇಷ್ಟರ ಕೆಲಸ ಸಿಕ್ಕಿತು, ಅದನ್ನೂ ಬೇಗ ಬಿಟ್ಟು ಬಂದರು. ನಮ್ಮ ಶೀಟಿನ ಭಾಷೆಯಲ್ಲಿ ಹೇಳೋದಾದರೆ: ಎರಡು ವರ್ಷ ಗ್ಯಾಪು, ಒಂದು ಫೇಲು, ಸ್ಥಿರತೆ ಇಲ್ಲ. ಐದು ವರ್ಷ ಕಳೆದ ಮೇಲೆ, 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂತು.

ತಮ್ಮ ಲಕ್ಷ್ಮಣ್ ಅವರು ಮೊದಲು ಅರ್ಜಿ ಹಾಕಿದ್ದು ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ. ಅವರ ಚಿತ್ರಗಳಲ್ಲಿ ಅಷ್ಟು ಸತ್ವ ಇಲ್ಲ ಅಂತ ಅಲ್ಲಿ ಸೀಟು ಸಿಗಲಿಲ್ಲ. ಮೈಸೂರಿನಲ್ಲೇ ಬಿ.ಎ. ಮಾಡಿದರು. ಅಂದರೆ ನಮ್ಮ ಯೂನಿವರ್ಸಿಟಿ ಅವರ ಎರಡನೇ ಆಯ್ಕೆ.

ರಾಜೇಶ್ವರಿ ಚಟರ್ಜಿ ಅವರ ಹೆಸರು ನಮ್ಮ ಬಾಯಿಪಾಠದ ಪಟ್ಟಿಯಲ್ಲಿ ಇರೋದೇ ಇಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಬಿ.ಎಸ್ಸಿ.ಗೂ ಎಂ.ಎಸ್ಸಿ.ಗೂ ಮೊದಲ ರ‍್ಯಾಂಕ್ ಬಂದವರು. ಅಮೆರಿಕದ ಮಿಷಿಗನ್‌ಗೆ ಹೋಗಿ ಪಿಎಚ್.ಡಿ. ಮಾಡಿ, 1953ರಲ್ಲಿ ವಾಪಸ್ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಬಗ್ಗೆ ಪಾಠ, ಸಂಶೋಧನೆ ಎರಡೂ ಮಾಡಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಸರಾಂತ ಹಳೇ ವಿದ್ಯಾರ್ಥಿಗಳ ಪಟ್ಟಿಯಲ್ಲೂ ನಮ್ಮದೇ ಒಂದು ಫಿಲ್ಟರ್ ಇದೆ ಅಂತ ಅವತ್ತು ಗೊತ್ತಾಯಿತು. ಹನ್ನೆರಡು ಹೆಸರು ಉಸಿರು ಬಿಡದೆ ಹೇಳಿದೆನಲ್ಲ, ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಕೊನೆಗೆ ನಿಂತಿದ್ದು ನಾರಾಯಣಮೂರ್ತಿ ಅವರ ಹೆಸರಿನ ಮುಂದೆ. ಅವರ ಕಥೆ ಎಲ್ಲರಿಗೂ ಗೊತ್ತು. ಐಐಟಿ ಪ್ರವೇಶ ಪರೀಕ್ಷೆ ಪಾಸಾಗಿದ್ದರು. ಅಪ್ಪ ಮೇಷ್ಟ್ರು, ಮನೆ ತುಂಬ ಮಕ್ಕಳು, ಹೊರಗೆ ಕಳಿಸಿ ಓದಿಸುವಷ್ಟು ದುಡ್ಡು ಇರಲಿಲ್ಲ. ಮೈಸೂರಿನಲ್ಲೇ ಇಂಜಿನಿಯರಿಂಗ್ ಸೇರಿ 1967ರಲ್ಲಿ ಮುಗಿಸಿದರು. ಆಮೇಲೆ ಎಂ.ಟೆಕ್.ಗೆ ಐಐಟಿ ಕಾನ್ಪುರಕ್ಕೆ ಹೋದರು.

ಈ ಕಥೆಯನ್ನು ನಾವೆಲ್ಲ ಕಷ್ಟಪಟ್ಟು ಮೇಲೆ ಬಂದವರ ಕಥೆಯಾಗಿ ಕೇಳಿದ್ದೀವಿ. ಅವತ್ತು ನಾನು ಎಕ್ಸೆಲ್ ಶೀಟ್ ಇಟ್ಟುಕೊಂಡು ಕೇಳಿದೆ. ಅದೇ ಹುಡುಗ, ಅದೇ ತಲೆ, ಅದೇ ಮಾರ್ಕ್ಸು. ಅಪ್ಪನ ಹತ್ತಿರ ದುಡ್ಡಿದ್ದಿದ್ದರೆ ಅವನ ಮುಂದೆ 1. ಇಲ್ಲದ್ದಕ್ಕೆ 3. ನಮ್ಮ ಪುಟ್ಟ ಕಾಲಂ ಅಳೆಯುತ್ತಿದ್ದದ್ದು ಏನನ್ನು ಹಾಗಾದ್ರೆ?

ಐಐಟಿಯಲ್ಲಿ ಓದಿದವರು ಬುದ್ಧಿವಂತರಲ್ಲ ಅಂತ ನಾನು ಹೇಳ್ತಾ ಇಲ್ಲ. ನನ್ನ ಟೀಮಿನಲ್ಲೇ ಇದ್ದಾರೆ, ಅವರಿಂದ ದಿನಾ ಕಲೀತೀನಿ. ಒಳಗೆ ಹೋದವರ ಬಗ್ಗೆ 1 ಅನ್ನೋ ಅಂಕಿ ಏನೋ ಒಂದಿಷ್ಟು ಹೇಳುತ್ತೆ. ಆದರೆ 3 ಅನ್ನೋದು ಹೊರಗುಳಿದವರ ಬಗ್ಗೆ ಏನೂ ಹೇಳಲ್ಲ. ಹದಿನೇಳನೇ ವಯಸ್ಸಿನಲ್ಲಿ ಕೋಟಾಕ್ಕೋ ಹೈದರಾಬಾದಿಗೋ ಕೋಚಿಂಗ್‌ಗೆ ಕಳಿಸೋಕೆ ಮನೆಯಲ್ಲಿ ಆಗಲಿಲ್ಲ, ಹುಡುಗೀನ ಹಾಸ್ಟೆಲ್‌ಗೆ ಕಳಿಸೋಕೆ ಒಪ್ಪಲಿಲ್ಲ, ಅಂಥ ಪರೀಕ್ಷೆ ಇದೆ ಅಂತ ಹೇಳೋರೇ ಇರಲಿಲ್ಲ. ಇವರೆಲ್ಲ 3. ನಿಜವಾಗಲೂ ಓದದೆ ಕಾಲ ಕಳೆದವನೂ 3. ಎಲ್ಲರೂ ಒಂದೇ ಮೂಟೆಯಲ್ಲಿ. ಸರ್ಕಾರಿ ಯೂನಿವರ್ಸಿಟಿ ಇರೋದೇ ಹೀಗೆ ಬಗೆಬಗೆಯ ಕಾರಣಕ್ಕೆ ಊರಲ್ಲೇ ಉಳಿದವರಿಗಾಗಿ. ಯಾರು ಏನಾಗ್ತಾರೆ ಅಂತ ಮುಂಚೆ ತಿಳಿದುಕೊಂಡು ಅದು ಬಾಗಿಲು ತೆಗೆಯೋದಿಲ್ಲ. ಫೇಲಾಗಿ ವಾಪಸ್ ಬಂದವನಿಗೂ ತೆಗೆಯುತ್ತೆ. ಅಲ್ಲಿ ತೆಗೆದ ಬಾಗಿಲನ್ನು ನಾನು ಬೆಂಗಳೂರಿನಲ್ಲಿ ಕೂತು ಮುಚ್ಚಿದ್ದೆ.

ಸೋಮವಾರ ಮ್ಯಾನೇಜರ್ ಹತ್ತಿರ ಹೋದೆ. ಅವರು ಕೆಟ್ಟವರೇನಲ್ಲ.

‘ಸರ್, ಆ ಕಾಲೇಜು ಫಿಲ್ಟರ್ ಬೇಡ. ಎಲ್ಲರಿಗೂ ಒಂದು ಸಣ್ಣ ಟೆಸ್ಟ್ ಕೊಡೋಣ. ಅರ್ಧ ಗಂಟೆ, ಆನ್‌ಲೈನು.’

‘ನಾನೂರು ಜನಕ್ಕಾ? ಯಾರು ತಿದ್ತಾರೆ?’

‘ಮೊದಲ ಭಾಗ ಕಂಪ್ಯೂಟರ್ರೇ ತಿದ್ದುತ್ತೆ. ಎರಡನೇದು ನಾನು ತಿದ್ತೀನಿ.’

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ‘ಏನಮ್ಮಾ, ನಿಮ್ಮೂರಿನವರು ಯಾರಾದ್ರೂ ಇದಾರಾ ಲಿಸ್ಟಲ್ಲಿ?’

ಕೇಳಬೇಕಾದ ಪ್ರಶ್ನೆಯೇ. ಇದ್ದಾರೆ ಅಂದೆ. ಅವರ ಪೇಪರ್ ನಾನು ತಿದ್ದಲ್ಲ, ಇಂಟರ್‌ವ್ಯೂನಲ್ಲೂ ನಂಬರ್ ಕೊಡಲ್ಲ ಅಂದೆ. ‘ಸರಿ, ಈ ಸಲಕ್ಕೆ ಮಾತ್ರ ನೋಡೋಣ’ ಅಂದರು.

ಟೆಸ್ಟ್ ಆಯಿತು. ಎರಡು ವಾರ ರಾತ್ರಿ ಊಟ ಆದ ಮೇಲೆ ಪೇಪರ್ ತಿದ್ದಿದೆ, ಬೆನ್ನು ನೋವು ಬಂತು. ಇಂಟರ್‌ವ್ಯೂಗೆ ಹನ್ನೊಂದು ಜನ ಬಂದರು, ಅದರಲ್ಲಿ ನಾಲ್ಕು ಜನ 3ರವರು. ಆ ಹುಡುಗಿಯೂ ಇದ್ದಳು. ತಿ. ನರಸೀಪುರದ ಕಡೆಯವಳು. ರೆಸ್ಯೂಮ್‌ನಲ್ಲಿ ಒಂದು ವರ್ಷದ ಗ್ಯಾಪಿತ್ತು. ನನ್ನ ಸಹೋದ್ಯೋಗಿ ಕೇಳೇ ಕೇಳಿದ, ಈ ವರ್ಷ ಏನು ಮಾಡ್ತಾ ಇದ್ರಿ ಅಂತ.

‘ಒಂದು ಪೇಪರ್ ಹೋಗಿತ್ತು ಸರ್,’ ಅಂದಳು. ‘ಮತ್ತೆ ಬರೆಯೋವರೆಗೂ ಮನೇಲೇ ಇದ್ದೆ. ಊರಿನ ಮಕ್ಕಳಿಗೆ ಟ್ಯೂಷನ್ ಹೇಳ್ತಿದ್ದೆ. ಹೋದ ಪೇಪರ್ ಪ್ರಾಬಬಿಲಿಟಿ. ಅದಕ್ಕೇ ಅದು ಈಗ ಚೆನ್ನಾಗಿ ಬರುತ್ತೆ.’

ನಾನು ಮೂಲೆಯಲ್ಲಿ ಕೂತಿದ್ದೆ, ಬಾಯಿ ಬಿಡಲಿಲ್ಲ. ನಗು ತಡೆಯೋದು ಮಾತ್ರ ಕಷ್ಟವಾಯಿತು.

ಅವಳಿಗೆ ಕೆಲಸ ಸಿಗಲಿಲ್ಲ. ಸಿಕ್ಕಿದ್ದಿದ್ದರೆ ಈ ಬರಹಕ್ಕೆ ಒಳ್ಳೆಯ ಕೊನೆಯಾಗುತ್ತಿತ್ತು. ಲೆಕ್ಕ ಚೆನ್ನಾಗಿ ಮಾಡಿದಳು, ಕೋಡಿಂಗ್ ರೌಂಡಿನಲ್ಲಿ ತಡವರಿಸಿದಳು. ಇಬ್ಬರು ಅವಳಿಗಿಂತ ಚೆನ್ನಾಗಿ ಮಾಡಿದರು. ಒಬ್ಬ 1ರವನು, ಇನ್ನೊಬ್ಬಳು 3ರವಳು, ಉತ್ತರ ಕರ್ನಾಟಕದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಓದಿದವಳು. ನಮ್ಮ ಹುಡುಗಿಗೆ ನಾನೇ ಫೋನ್ ಮಾಡಿ ಯಾವುದರಲ್ಲಿ ಹಿಂದೆ ಬಿದ್ದಳು, ಏನು ಓದಬೇಕು ಅಂತ ಹೇಳಿದೆ. ‘ಯಾಕೆ ಸಿಗಲಿಲ್ಲ ಅಂತ ಇದುವರೆಗೂ ಯಾರೂ ಹೇಳಿರಲಿಲ್ಲ ಮೇಡಂ,’ ಅಂದಳು. ಎಷ್ಟೋ ಕಂಪನಿಗಳಲ್ಲಿ ಯಾಕೆ ಅಂದರೆ ಆ ಪುಟ್ಟ ಕಾಲಂ. ಅದನ್ನು ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಆಮೇಲೆ ಒಂದು ಭಾನುವಾರ ಅಮ್ಮನ್ನ ನೋಡೋಕೆ ಮೈಸೂರಿಗೆ ಹೋಗಿದ್ದಾಗ ಮಾನಸಗಂಗೋತ್ರಿಗೆ ಹೋದೆ. ಆ ಹೆಸರು ಇಟ್ಟವರು ಕುವೆಂಪು, 1956ರಿಂದ 1960ರವರೆಗೆ ಕುಲಪತಿಯಾಗಿದ್ದಾಗ. ಇದೇ ಯೂನಿವರ್ಸಿಟಿಯಲ್ಲಿ ಓದಿ ಇದಕ್ಕೇ ಕುಲಪತಿಯಾದ ಮೊದಲಿಗರು ಅವರು. ಕೆರೆ ಏರಿ ಮೇಲೆ ವಾಕಿಂಗ್ ಮಾಡೋರು ಎಂದಿನ ಹಾಗೆ ಇದ್ದರು. ಒಂದು ಕಲ್ಲುಬೆಂಚಿನ ಮೇಲೆ ಇಬ್ಬರು ಹುಡುಗರು ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಇಟ್ಟುಕೊಂಡು ಒಬ್ಬರನ್ನೊಬ್ಬರು ಪ್ರಶ್ನೆ ಕೇಳ್ತಾ ಇದ್ದರು. ಮುಂದೆ ಯಾವ ಪಟ್ಟಿಯಲ್ಲೂ ಬಹುಶಃ ಇವರ ಹೆಸರು ಇರಲ್ಲ, ನನ್ನ ಹೆಸರು ಇಲ್ಲದ ಹಾಗೆ. ಒಬ್ಬ ತಾಲ್ಲೂಕು ಆಫೀಸಿಗೆ ಸೇರ್ತಾನೆ, ಇನ್ನೊಬ್ಬ ಮೇಷ್ಟ್ರಾಗ್ತಾನೆ. ಮನೆಯಲ್ಲಿ ಮೊದಲ ಡಿಗ್ರಿ ಅವನದ್ದೇ ಇರಬಹುದು. ಯೂನಿವರ್ಸಿಟಿ ನೂರು ವರ್ಷ ಮಾಡಿದ ಕೆಲಸದಲ್ಲಿ ಹೆಚ್ಚಿನ ಪಾಲು ಇಂಥದ್ದೇ.

ವಾಪಸ್ ಬರುವಾಗ ರೈಲಿನಲ್ಲಿ ಫೋನ್ ತೆಗೆದು ನನ್ನ ಪುಟದಲ್ಲಿ ಎರಡು ಸಾಲಿನ ಜಾಗ ಬದಲಾಯಿಸಿದೆ. ಎಂ.ಎಸ್ಸಿ. ಮೇಲೆ ಬಂತು. ಯಾರೂ ಗಮನಿಸಿಲ್ಲ, ಲೈಕೂ ಬಂದಿಲ್ಲ.

ಆಫೀಸಿನ ಶೀಟಿನಲ್ಲಿ ಆ ಪುಟ್ಟ ಕಾಲಂ ಇನ್ನೂ ಇದೆ. ನಾವು ಅದನ್ನು ಡಿಲೀಟ್ ಮಾಡಿಲ್ಲ, ಹೈಡ್ ಮಾಡಿದ್ದೀವಿ ಅಷ್ಟೇ. ಮುಂದಿನ ನೇಮಕಾತಿ ಜನವರಿಗೆ. ಅವಾಗ ಯಾರಾದರೂ ರೈಟ್ ಕ್ಲಿಕ್ ಮಾಡಿ ಅನ್‌ಹೈಡ್ ಒತ್ತೋ ಮುಂಚೆ ನಾನು ಮತ್ತೆ ಹೋಗಿ ಕೇಳಬೇಕು. ಬೆನ್ನು ನೋವಿಗೆ ಈಗಲೇ ಒಂದು ಒಳ್ಳೇ ಕುರ್ಚಿ ನೋಡ್ತಾ ಇದ್ದೀನಿ.