ವೇಗದ ಬೌಲರ್ ಅಳಿಯನಿಗೆ

ಚಿಕ್ಕಜಾಲ
ಭಾನುವಾರ

ಪ್ರೀತಿಯ ಪುಟ್ಟು,

ನಿನ್ನ ಎಂಆರ್‌ಐ ವರದಿಯ ಫೋಟೊ ಅಕ್ಕ ಕಳಿಸಿದ್ದಾಳೆ. ಫೋನಿನಲ್ಲಿ ನೀನು ‘ಎಲ್ಲಾ ಮುಗೀತು ಮಾವ’ ಅಂದವನೇ ಅಮ್ಮನ ಕೈಗೆ ಕೊಟ್ಟುಬಿಟ್ಟೆ. ಹೋದ ಯುಗಾದಿಯಲ್ಲಿ ನೀನೇ ಇನ್ನೊಂದು ಮಾತಾಡಿದ್ದೆ: ‘ಆಡಿದ್ರೆ ಬುಮ್ರಾ ಥರ ಆಡ್ಬೇಕು, ಮಿಥುನ್ ಥರ ನಾಲ್ಕು ಟೆಸ್ಟ್ ಆಡಿ ಬಂದ್ರೆ ಏನ್ ಬಂತು?’ ಎಲೆಯ ಮುಂದೆ ಜಗಳ ಬೇಡ ಅಂತ ಆವತ್ತು ಸುಮ್ಮನಿದ್ದೆ. ಈಗ ಮಲಗಿಕೊಂಡು ಓದಲು ನಿನಗೆ ಬೇಕಾದಷ್ಟು ಹೊತ್ತಿದೆ.

ಮೊದಲು ಬೆನ್ನುಮೂಳೆಯ ಬಿರುಕಿನ ವಿಷಯ. ಜೋರಾಗಿ ಓಡಿ ಬಂದು ಮುಂಗಾಲು ಊರುವ ಕ್ಷಣದಲ್ಲಿ ಮೈತೂಕದ ಎಷ್ಟೋ ಪಟ್ಟು ಭಾರ ಕಾಲಿನಿಂದ ಸೊಂಟಕ್ಕೆ ಏರುತ್ತದೆ. ಸೊಂಟ ಅದೇ ಕ್ಷಣದಲ್ಲಿ ತಿರುಚಿಕೊಂಡು, ಪಕ್ಕಕ್ಕೆ ವಾಲಿ, ಹಿಂದಕ್ಕೂ ಬಾಗಿರುತ್ತದೆ. ಬಲಗೈ ಬೌಲರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಕೆಳಬೆನ್ನಿನ ಎಡಗಡೆ. ನಿನಗೂ ಅಲ್ಲೇ. ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಇದು ಹೆಚ್ಚು, ಯಾಕೆಂದರೆ ಅಲ್ಲಿನ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ನಮ್ಮ ಸಾದಹಳ್ಳಿ ಕಲ್ಲಿನ ಕೆಲಸದವರು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಟೊಳ್ಳಾಗುತ್ತೆ. ನಿನ್ನ ಬೆನ್ನು ಮೂರು ವಾರದಿಂದ ಟೊಳ್ಳು ಸದ್ದು ಮಾಡುತ್ತಿತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ಪರೀಕ್ಷೆ ಅಂತ ತಿಂಗಳುಗಟ್ಟಲೆ ಚೆಂಡು ಮುಟ್ಟದವನನ್ನು ಕರೆದು ಒಂದೇ ವಾರದಲ್ಲಿ ಮೂರು ಪಂದ್ಯ ಆಡಿಸಿದ ಮಹಾನುಭಾವರ ಹೆಸರು ಇಲ್ಲಿ ಬೇಡ. ಬೆನ್ನು ಮುರಿಯೋದು ಹೆಚ್ಚು ಬೌಲ್ ಮಾಡಿದ್ದಕ್ಕಿಂತ, ಇದ್ದಕ್ಕಿದ್ದಂತೆ ಹೆಚ್ಚು ಮಾಡಿದ್ದರಿಂದ. ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೋ.

ಈ ಬಿರುಕು ಬಂದವರೆಲ್ಲ ಮುಗಿದುಹೋಗಿದ್ದರೆ ಡೆನ್ನಿಸ್ ಲಿಲ್ಲಿ 1973ರಲ್ಲೇ ಮುಗಿಯಬೇಕಿತ್ತು. ವೆಸ್ಟ್ ಇಂಡೀಸಿನಲ್ಲಿ ಬೆನ್ನುಮೂಳೆ ಬಿರುಕು ಬಿಟ್ಟು, ಮೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ ಮನುಷ್ಯ ಮುಂದಿನ ಆ್ಯಶಸ್ ಹೊತ್ತಿಗೆ ಎದ್ದು ಬಂದ, 355 ಟೆಸ್ಟ್ ವಿಕೆಟ್ ತೆಗೆದೇ ಬಿಟ್ಟ. ಆಮೇಲೆ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್ನಿನಲ್ಲಿ ನಮ್ಮ ಹುಡುಗರನ್ನು ತಿದ್ದಿದವನೂ ಅವನೇ. ಅಷ್ಟು ದೂರ ಯಾಕೆ, ನಮ್ಮ ಪ್ರಸಿದ್ಧ ಕೃಷ್ಣನನ್ನೇ ನೋಡು. ಬೆನ್ನಿನ ಇದೇ ತೊಂದರೆಗೆ ಶಸ್ತ್ರಚಿಕಿತ್ಸೆಯೂ ಆಯಿತು. 2023ರ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಮರಳಿದ, ಆ ವರ್ಷದ ಕೊನೆಗೆ ಸೆಂಚುರಿಯನ್ನಿನಲ್ಲಿ ಟೆಸ್ಟ್ ಟೋಪಿ ಹಾಕಿಕೊಂಡ. ಆಮೇಲೆ ರಣಜಿ ಆಡುತ್ತಿದ್ದಾಗ ತೊಡೆಯ ಸ್ನಾಯು ಹೋಯಿತು, ಮತ್ತೆ ಮನೆ. 2025ರ ಐಪಿಎಲ್‌ನಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದ. ಅದೇ ವರ್ಷದ ಆಗಸ್ಟಿನಲ್ಲಿ ಓವಲ್‌ನಲ್ಲಿ ಎರಡು ಇನಿಂಗ್ಸಿಗೂ ನಾಲ್ಕು ನಾಲ್ಕು ವಿಕೆಟ್. ಭಾರತ ಗೆದ್ದಿದ್ದು ಬರೀ 6 ರನ್ನಿನಿಂದ. ನೀನು ಸಿರಾಜನ ಕೊನೆಯ ಯಾರ್ಕರನ್ನು ಇಪ್ಪತ್ತು ಸಲ ನೋಡಿದೆ. ಇನ್ನೊಂದು ತುದಿಯಿಂದ ಬೌಲ್ ಮಾಡಿದವನನ್ನೂ ಒಂದು ಸಲ ನೋಡು.

ಇನ್ನು ನಮ್ಮ ಕರ್ನಾಟಕದ ವೇಗಿ ಮಿಥುನ್. ಪುಟ್ಟು, ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ.

ಹದಿನೇಳರವರೆಗೆ ಆ ಹುಡುಗ ಲೆದರ್ ಚೆಂಡಿನಲ್ಲಿ ಬೌಲ್ ಮಾಡಿದವನೇ ಅಲ್ಲ, ಡಿಸ್ಕಸ್ ಎಸೆಯುತ್ತಿದ್ದ. 2009ರ ನವೆಂಬರಿನಲ್ಲಿ ಮೀರತ್‌ನಲ್ಲಿ ಉತ್ತರ ಪ್ರದೇಶದ ಮೇಲೆ ಮೊದಲ ರಣಜಿ ಪಂದ್ಯ: ಹ್ಯಾಟ್ರಿಕ್ ಸೇರಿ 11 ವಿಕೆಟ್. ಆ ಸೀಸನ್ನಿನಲ್ಲಿ 47. ಮೈಸೂರಿನ ಗಂಗೋತ್ರಿಯಲ್ಲಿ ಮುಂಬೈ ಎದುರು ನಾವು ಫೈನಲ್ ಸೋತೆವಲ್ಲ, ಅದೇ ವರ್ಷ. ಅಲ್ಲೂ ಅಂತರ 6 ರನ್ನೇ, ಅದರ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ. 2010ರ ಜುಲೈನಲ್ಲಿ ಗಾಲ್‌ನಲ್ಲಿ ಟೆಸ್ಟ್ ಆಡಿದ. ಮುರಳೀಧರನ್ 800ನೇ ವಿಕೆಟ್ ತೆಗೆದು ಬೀಳ್ಕೊಂಡ ಪಂದ್ಯವದು. ಲೋಕವೆಲ್ಲ ಆ ಕಡೆ ನೋಡುತ್ತಿದ್ದಾಗ ಇಪ್ಪತ್ತರ ಹುಡುಗ 105 ರನ್ನಿಗೆ 4 ವಿಕೆಟ್ ತೆಗೆದ. 2011 ಮುಗಿಯುವ ಹೊತ್ತಿಗೆ ಅಂತಾರಾಷ್ಟ್ರೀಯ ಕ್ರಿಕೆಟ್ ಮುಗಿಯಿತು: 4 ಟೆಸ್ಟ್, 9 ವಿಕೆಟ್, 5 ಏಕದಿನ, 3 ವಿಕೆಟ್. ವಯಸ್ಸು ಇಪ್ಪತ್ತೆರಡು.

ನೀನು ಲೆಕ್ಕ ನಿಲ್ಲಿಸಿದ್ದು ಅಲ್ಲಿ. ಅವನು ನಿಲ್ಲಿಸಲಿಲ್ಲ.

ಕರೆ ಬರುವುದಿಲ್ಲ ಅಂತ ಗೊತ್ತಾದ ಮೇಲೂ ಇನ್ನೂ ಹತ್ತು ವರ್ಷ ಓಡಿ ಬಂದು ಬೌಲ್ ಮಾಡಿದ. ವಿನಯ್ ಕುಮಾರ್, ಅರವಿಂದ್, ಮಿಥುನ್ ಮೂವರೂ ಸೇರಿ 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ಬೆನ್ನುಬೆನ್ನಿಗೆ ರಣಜಿ ತಂದರು. ಲೀಗಿನಲ್ಲಿ ಕೀಪಿಂಗ್ ಮಾಡಿದ ನನಗೆ ಇದರ ಬೆಲೆ ಗೊತ್ತು. ಬೆಳಗಿನ ಮೊದಲ ಸ್ಪೆಲ್ ಯಾರು ಬೇಕಾದರೂ ಹಾಕುತ್ತಾರೆ. ಟೀ ಆದ ಮೇಲೆ, ಹಳೇ ಚೆಂಡು, ಸತ್ತ ಪಿಚ್ಚು, ಮುಂಗಾಲಿನ ಶೂ ತುದಿ ಕತ್ತರಿಸಿ ಹೆಬ್ಬೆರಳಿಗೆ ಜಾಗ ಮಾಡಿಕೊಂಡು ಓಡಿ ಬರುವವನನ್ನು ವಿಕೆಟ್ ಹಿಂದೆ ಕೂತು ನೋಡಬೇಕು. ಉಗುರು ಕಪ್ಪಾಗಿರುತ್ತೆ, ಆದರೂ ಚೆಂಡು ಬೆಳಗ್ಗೆ ಬಿದ್ದ ಜಾಗದಲ್ಲೇ ಬೀಳುತ್ತೆ. ವೇಗದ ಬೌಲಿಂಗ್ ಅನ್ನುವ ವೃತ್ತಿ ಬಹುಪಾಲು ಇಷ್ಟೇ ಕಣೋ. ಟಿವಿಯಲ್ಲಿ ಬರುವುದು ಅದರ ಚೂರು ಮಾತ್ರ.

2019ರಲ್ಲಿ ಏನಾಯಿತು ನೋಡು. ಅಕ್ಟೋಬರ್ 25, ಮಿಥುನನ ಮೂವತ್ತನೇ ಹುಟ್ಟುಹಬ್ಬ. ಚಿನ್ನಸ್ವಾಮಿಯಲ್ಲಿ ತಮಿಳುನಾಡಿನ ಮೇಲೆ ವಿಜಯ್ ಹಜಾರೆ ಫೈನಲ್‌ನಲ್ಲಿ ಹ್ಯಾಟ್ರಿಕ್, ಒಟ್ಟು 5 ವಿಕೆಟ್. ತಿಂಗಳಾದ ಮೇಲೆ ಸೂರತ್‌ನಲ್ಲಿ ಹರಿಯಾಣದ ಮೇಲೆ ಮುಷ್ತಾಕ್ ಅಲಿ ಸೆಮಿಫೈನಲ್. ಮೊದಲ ಮೂರು ಓವರಿನಲ್ಲಿ 37 ರನ್ ಚಚ್ಚಿಸಿಕೊಂಡಿದ್ದ. ಇಪ್ಪತ್ತನೇ ಓವರಿಗೆ ಮತ್ತೆ ಅವನ ಕೈಗೇ ಚೆಂಡು: ವಿಕೆಟ್, ವಿಕೆಟ್, ವಿಕೆಟ್, ವಿಕೆಟ್, ಒಂದು ವೈಡ್, ಒಂದು ರನ್, ಮತ್ತೆ ವಿಕೆಟ್. 2 ರನ್ನಿಗೆ 5! ರಣಜಿ, ವಿಜಯ್ ಹಜಾರೆ, ಮುಷ್ತಾಕ್ ಅಲಿ ಮೂರೂ ಟೂರ್ನಿಗಳಲ್ಲಿ ಹ್ಯಾಟ್ರಿಕ್ ತೆಗೆದ ಮೊದಲಿಗ ಆತ. 2021ರ ಅಕ್ಟೋಬರಿನಲ್ಲಿ ನಿವೃತ್ತನಾದಾಗ 103 ಪ್ರಥಮ ದರ್ಜೆ ಪಂದ್ಯ, 338 ವಿಕೆಟ್. ಇದನ್ನು ‘ಏನ್ ಬಂತು’ ಅನ್ನುವ ಹಕ್ಕು ನಿನಗೂ ಇಲ್ಲ, ನನಗೂ ಇಲ್ಲ.

ದೊಡ್ಡ ಗಣೇಶ್ ಆಡಿದ್ದೂ ನಾಲ್ಕೇ ಟೆಸ್ಟ್, ತೆಗೆದದ್ದು 365 ಪ್ರಥಮ ದರ್ಜೆ ವಿಕೆಟ್. ದಾವಣಗೆರೆಯ ವಿನಯ್ ಆಡಿದ್ದು ಒಂದೇ ಟೆಸ್ಟ್, ಪರ್ತ್‌ನಲ್ಲಿ; ರಣಜಿಯಲ್ಲಿ 442 ವಿಕೆಟ್. ಶ್ರೀನಾಥ್ ಅಂಥವರು ಒಬ್ಬರು: 67 ಟೆಸ್ಟ್, 236 ವಿಕೆಟ್, ನಡುವೆ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ. ಅವರ ಕಡೆ ನೋಡಿಕೊಂಡು ಓಡು, ಬೇಡ ಅನ್ನಲ್ಲ. ಆದರೆ ಶ್ರೀನಾಥ್ ಆಗದಿದ್ದರೆ ಏನೂ ಅಲ್ಲ ಅಂದುಕೊಂಡ ಹುಡುಗ ಗಾಯ ಮುಚ್ಚಿಟ್ಟು ಟ್ರಯಲ್ಸಿಗೆ ಹೋಗುತ್ತಾನೆ. ನೀನು ಮಾಡಿದ್ದು ಅದನ್ನೇ.

ಅಕ್ಕನಿಗೆ ದುಡ್ಡಿನ ಚಿಂತೆ. ಅದರ ಲೆಕ್ಕವೂ ಹೇಳಿಬಿಡು. 2021ರ ಸೆಪ್ಟೆಂಬರಿನಲ್ಲಿ ಕ್ರಿಕೆಟ್ ಮಂಡಳಿ ರಣಜಿ ಸಂಭಾವನೆ ಏರಿಸಿತು: ಇಪ್ಪತ್ತು ಪಂದ್ಯದವರೆಗೆ ದಿನಕ್ಕೆ 40,000 ರೂಪಾಯಿ, ನಲವತ್ತು ದಾಟಿದವರಿಗೆ 60,000. ಮಿಥುನ್ ನಿವೃತ್ತಿ ಹೇಳಿದ್ದು ಅದರ ಮರು ತಿಂಗಳು, ಅವನ ನಸೀಬು ನೋಡು. ರಾಜ್ಯ ತಂಡಕ್ಕೆ ಸೇರಿ ನಾಲ್ಕೈದು ವರ್ಷ ಮೈ ಕಾಪಾಡಿಕೊಂಡರೆ ಮನೆ ನಡೆಯುತ್ತೆ. ಸೇರದಿದ್ದರೆ ನಡೆಯಲ್ಲ, ಅದೂ ನಿಜ. ಅದಕ್ಕೇ ಡಿಗ್ರಿ ಬಿಡಬೇಡ ಅಂತ ಬಡಿದುಕೊಳ್ಳೋದು. ಶ್ರೀನಾಥ್ ಕೂಡ ಎಂಜಿನಿಯರಿಂಗ್ ಓದಿದವರೇ.

ಇಲ್ಲಿ ನಮ್ಮ ಕಡೆ ಈಗ ಕ್ರಿಕೆಟ್ಟೇ ಕ್ರಿಕೆಟ್ಟು. ಬೆಟ್ಟಹಲಸೂರಿನ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರ. ವಿಮಾನ ನಿಲ್ದಾಣದ ಆಚೆ, ಮಂಡಳಿಯವರು 2024ರ ಸೆಪ್ಟೆಂಬರಿನಲ್ಲಿ ನಲವತ್ತು ಎಕರೆಯಲ್ಲಿ ತೆರೆದ ಸೆಂಟರ್ ಆಫ್ ಎಕ್ಸಲೆನ್ಸ್. ಮೊದಲು ಚಿನ್ನಸ್ವಾಮಿಯಲ್ಲಿದ್ದ ಅಕಾಡೆಮಿಯೇ ಅದು. ಗಾಯಗೊಂಡ ದೊಡ್ಡ ದೊಡ್ಡ ಬೌಲರುಗಳೆಲ್ಲ ನಮ್ಮ ಊರಿನ ಮುಂದೆಯೇ ಹಾದು ಅಲ್ಲಿಗೆ ಹೋಗುತ್ತಾರೆ. ಚಿಕ್ಕಜಾಲದ ನಮ್ಮ ಕೋಟೆಯ ಕಲ್ಲುಗಳ ಕಡೆ ಒಬ್ಬರೂ ತಿರುಗಿ ನೋಡಲ್ಲ ಬಿಡು, ಅದು ಬೇರೆ ಮಾತು.

ವೈದ್ಯರು ನಡೆಯಬಹುದು ಅಂದ ದಿನ ತಿಪಟೂರಿನಿಂದ ರೈಲು ಹತ್ತು, ಯಶವಂತಪುರಕ್ಕೆ ನಾನೇ ಬರುತ್ತೇನೆ. ಮಹಡಿ ಮೇಲಿನ ಕೋಣೆ ಖಾಲಿ ಇದೆ, ನಿನ್ನ ಅತ್ತೆ ಆಗಲೇ ಗುಡಿಸಿ ಸಾರಿಸಿದ್ದಾಳೆ. ಫಿಸಿಯೊ ಹತ್ತಿರ ಮಾತಾಡಿದ್ದೇನೆ. ಮೊದಲು ನಡಿಗೆ, ಆಮೇಲೆ ಹೊಟ್ಟೆ-ಸೊಂಟದ ಕಸರತ್ತು, ಆಮೇಲೆ ಓಟ, ಕೊನೆಗೆ ನಿಂತಲ್ಲಿಂದಲೇ ಆರು ಚೆಂಡು. ವಾರ ವಾರ ಏರಿಸುವ ಲೆಕ್ಕ ನಾನು ಬರೆದಿಡುತ್ತೇನೆ. ಅಲ್ಲಿಯವರೆಗೆ ಹಿತ್ತಲಲ್ಲಿ ಕದ್ದು ಒಂದೇ ಒಂದು ಚೆಂಡು ಎಸೆದರೂ ಅಕ್ಕ ನನಗೆ ಹೇಳುತ್ತಾಳೆ, ನೆನಪಿರಲಿ. ವರದಿಯ ಅಸಲು ಪ್ರತಿ, ಸ್ಕ್ಯಾನಿನ ಸಿ.ಡಿ. ಎರಡನ್ನೂ ಮರೆಯದೆ ತಾ.

ಇಂತಿ ನಿನ್ನ
ಸೋದರಮಾವ