ಮುಂದಿನ ಗಾಲಿಯ ಟಯರು

ಎತ್ತಿನ ಗಾಡಿಯ ಕಾಲದಲ್ಲಿ ಗಾಲಿಯ ಚಿಂತೆ ಮನೆಯೊಡೆಯನಿಗೆ ಅಷ್ಟಾಗಿ ಇರಲಿಲ್ಲ. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಡದಲ್ಲಿ ಕಾಯಿಸಿ, ಹಿಗ್ಗಿದ ಪಟ್ಟಿಯನ್ನು ಮರದ ಗಾಲಿಗೆ ತೊಡಿಸಿ, ಮೇಲೆ ನೀರು ಸುರಿದನೆಂದರೆ ಅದು ಕುಗ್ಗಿ ಗಾಲಿಯನ್ನು ಬಿಗಿದಪ್ಪಿಕೊಳ್ಳುತ್ತಿತ್ತು. ಆಮೇಲೆ ವರ್ಷಗಟ್ಟಲೆ ಅದರ ಕಡೆಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಂದು ಒಂದು ಸೈಕಲ್ಲಿಗೆ, ಅದರಲ್ಲಿಯೂ ಕೆಳಕ್ಕೆ ಬಾಗಿದ ಹ್ಯಾಂಡಲಿನ, ಹೆಬ್ಬೆರಳಗಲದ ಗಾಲಿಗಳ ‘ರೋಡ್ ಬೈಕ್’ ಎಂಬ ಓಟದ ಸೈಕಲ್ಲಿಗೆ, ಎರಡು ಟಯರು ಕೊಳ್ಳಬೇಕಾದರೆ ಹೆಣ್ಣಿಗೆ ಗಂಡು ಹುಡುಕುವಷ್ಟು ವಿಚಾರಣೆ ನಡೆಯಬೇಕು. ಅಗಲವೆಷ್ಟು, ತೂಕವೆಷ್ಟು, ಗಾಳಿ ಎಷ್ಟು ತಡೆದೀತು, ಮುಳ್ಳಿಗೆ ಅಂಜುವುದೋ ಇಲ್ಲವೋ, ಮಳೆಯಲ್ಲಿ ನಡತೆ ಹೇಗೆ! ಅರುವತ್ತಾರನೆಯ ವಯಸ್ಸಿನಲ್ಲಿ, ನಿವೃತ್ತನಾಗಿ ಅರೇಹಳ್ಳಿಯ ಹಿರಿಯರ ಮನೆಯಲ್ಲಿ ಕಾಫಿ ಗಿಡಗಳ ನಡುವೆ ತಣ್ಣಗೆ ಕುಳಿತಿದ್ದ ಈ ಲೆಕ್ಕದ ಮೇಷ್ಟರ ಪಾಲಿಗೆ ಆ ವಿಚಾರಣೆ ಬಂದೊದಗಿತು.

ಸಂಗತಿ ಇಷ್ಟೆ. ನಮ್ಮ ಮಗಳು ಬೆಂಗಳೂರಿನ ಒಂದು ಕಂಪೆನಿಯಲ್ಲಿ ಕೆಲಸದಲ್ಲಿರುವವಳು. ತಿಂಗಳಲ್ಲಿ ಹದಿನೈದು ದಿನ ಮನೆಯಿಂದಲೇ ಕೆಲಸ ಮಾಡುವ ಸೌಕರ್ಯ ಆಕೆಗುಂಟು. ಯಾರೋ ಬಳಸಿ ಬಿಟ್ಟ ಒಂದು ಓಟದ ಸೈಕಲ್ಲನ್ನು ಕೊಂಡು ತಂದು, ಬೆಳಗಿನ ಹೊತ್ತು ಬೇಲೂರಿನವರೆಗೆ ಹೋಗಿಬರುವ ಅಭ್ಯಾಸ ಮಾಡಿಕೊಂಡಿದ್ದಳು. ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ, ತೋಟದ ಕೆಮ್ಮಣ್ಣು ಕೊಚ್ಚಿಬಂದು ಟಾರಿನ ಮೇಲೆ ಹರಡಿದ್ದ ಒಂದು ತಿರುವಿನಲ್ಲಿ ಮುಂದಿನ ಗಾಲಿ ಜಾರಿತು. ಭುಜದ ಮೇಲಿನ ಕೊರಳೆಲುಬು ಮುರಿಯಿತು. ಹಿಂದೆಯೇ ಬರುತ್ತಿದ್ದ ಜೀಪಿನವನು ಬ್ರೇಕು ಹಾಕಿದ್ದು ಎರಡು ಮಾರು ದೂರದಲ್ಲಿ. ಆ ಎರಡು ಮಾರಿನ ಲೆಕ್ಕವನ್ನು ನಮ್ಮಾಕೆ ಇಂದಿಗೂ ಬಿಟ್ಟಿಲ್ಲ.

ಮೂಳೆ ಕೂಡಿತು. ಸೈಕಲ್ಲು ಕೊಟ್ಟಿಗೆಯಲ್ಲಿ ನಿಂತಿತು. ಮಗಳು ಮತ್ತೆ ಹತ್ತುತ್ತೇನೆಂದಾಗ ನಮ್ಮಾಕೆ ಕೂಗಾಡಲಿಲ್ಲ, ಅಳಲಿಲ್ಲ. ನನ್ನ ಕಡೆಗೆ ತಿರುಗಿ ಒಂದೇ ಮಾತು ಹೇಳಿದರು: “ಹೋಗಲಿ. ಆದರೆ ಆ ಗಾಲಿಗೆ ಹಾಕುವುದನ್ನು ನೀವೇ ನೋಡಿ, ನೀವೇ ಆರಿಸಿ ತನ್ನಿ. ಇನ್ನೊಂದು ಸಲ ಬಿದ್ದರೆ ನಾನು ಅವಳನ್ನು ಕೇಳುವುದಿಲ್ಲ, ನಿಮ್ಮನ್ನು ಕೇಳುತ್ತೇನೆ.” ನಲವತ್ತು ವರ್ಷದ ಸಂಸಾರದಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಪತ್ರಿಕೆ ನನ್ನ ಕೈಗೆ ಬಂದುದಿಲ್ಲ.

ಮೊದಲು ಹೋದದ್ದು ನಮ್ಮೂರಿನ ಸೈಕಲ್ ಷಾಪಿನ ಸಾಹೇಬರಲ್ಲಿಗೆ. ಅವರ ಅಂಗಡಿ ಎಂದರೆ ಒಂದು ತಗಡಿನ ಮಾಡು, ನೀರು ತುಂಬಿದ ಒಂದು ಬಾಣಲೆ, ಒಂದು ಕಾಲುಪಂಪು ಮತ್ತು ಅವರು. 2006-07ರಿಂದ ಸರ್ಕಾರದವರು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುತ್ತಿದ್ದ ವರ್ಷಗಳಲ್ಲಿ ಆ ಮಾಡಿನ ಕೆಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ; ಈಗ ಸ್ಕೂಟರುಗಳ ಪಂಕ್ಚರೇ ಅವರ ಜೀವನ. ನಾನು ಮಗಳು ಬರೆದುಕೊಟ್ಟ ಚೀಟಿ ನೋಡಿ, “ಸಾಹೇಬರೇ, 28ರ ಟಯರು ಬೇಕಾಗಿತ್ತು” ಎಂದೆ. ಅವರು ಎದ್ದು ಹೋಗಿ, ಅಟ್ಟದಿಂದ ಧೂಳು ಹಿಡಿದ ಒಂದು ದಪ್ಪ ಟಯರನ್ನು ಇಳಿಸಿ ನನ್ನ ಮುಂದಿಟ್ಟರು. ಅದರ ಮೇಲೆ 28 ಎಂದೇ ಬರೆದಿತ್ತು!

ಈ 28 ಎಂಬ ಅಂಕೆ ಎಷ್ಟು ಮನೆಗಳಲ್ಲಿ ಗೊಂದಲವೆಬ್ಬಿಸಿದೆಯೋ ಕಾಣೆ. ಆದುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ತಂದೆಯವರ ಕಾಲದ, ಹಾಲಿನವರೂ ಅಂಚೆಯವರೂ ತುಳಿಯುತ್ತಿದ್ದ ಕಪ್ಪು ಸೈಕಲ್ಲಿನ ಟಯರು 28 ಅಂಗುಲ ಎತ್ತರ, ಒಂದೂವರೆ ಅಂಗುಲ ದಪ್ಪ. ಓಟದ ಸೈಕಲ್ಲಿನ 28 ಎಂದರೆ ಟಯರಿನ ದಪ್ಪ, ಅದೂ ಮಿಲಿಮೀಟರಿನಲ್ಲಿ. ಒಂದನ್ನು ಇನ್ನೊಂದಕ್ಕೆ ತೊಡಿಸಲಾಗದು. ನಿಜವಾಗಿ ನಂಬಬೇಕಾದ ಅಂಕೆ ಟಯರಿನ ಮಗ್ಗುಲಲ್ಲಿ ಚಿಕ್ಕ ಅಕ್ಷರದಲ್ಲಿ ಅಡಗಿರುತ್ತದೆ. ಓಟದ ಸೈಕಲ್ಲಿನದರ ಮೇಲೆ 28-622 ಎಂದಿದ್ದರೆ, ಕಪ್ಪು ಸೈಕಲ್ಲಿನದರ ಮೇಲೆ 40-635 ಎಂದಿರುತ್ತದೆ. ಮೊದಲನೆಯದು ದಪ್ಪ, ಎರಡನೆಯದು ಟಯರಿನ ಅಂಚು ರಿಮ್ಮಿನ ಮೇಲೆ ಕೂಡುವ ಕಡೆಯ ಅಡ್ಡಳತೆ, ಎರಡೂ ಮಿಲಿಮೀಟರು. ಆ ಎರಡನೆಯ ಅಂಕೆ ಒಂದಿಷ್ಟೂ ವ್ಯತ್ಯಾಸವಾಗುವಂತಿಲ್ಲ. ಮೊದಲನೆಯದರಲ್ಲಿ ಮಾತ್ರ ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯವುಂಟು, ಅದೂ ಬ್ರೇಕಿನ ನಡುವೆ ಜಾಗವಿರುವಷ್ಟು.

ಸಾಹೇಬರು ನಕ್ಕರು. ಬಳಿಕ ನಾನು ಒಯ್ದಿದ್ದ ಹಳೆಯ ಮುಂದಿನ ಟಯರನ್ನು ಕೈಗೆತ್ತಿಕೊಂಡು, ಬಿಸಿಲಿಗೆ ಹಿಡಿದು, ಹಸ್ತರೇಖೆ ನೋಡುವವರಂತೆ ಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿದರು. ಬಗ್ಗಿದಲ್ಲೆಲ್ಲ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. “ಮೇಷ್ಟ್ರೇ, ಇದು ಸವೆದದ್ದಲ್ಲ, ಒಣಗಿದ್ದು. ನಿಂತಲ್ಲೇ ಮುದಿಯಾಗಿದೆ. ರಬ್ಬರು ಕಲ್ಲಾದಮೇಲೆ ರಸ್ತೇನ ಹಿಡಿಯೋದಿಲ್ಲ. ಗಾಳಿ ಎಷ್ಟು ಹೊಡೀತಿದ್ರು?” ಎಂದು ಕೇಳಿದರು. 120 ಪೌಂಡು ಎಂದೆ. ಮಾರಿದವರು ಹಾಗೆ ಹೊಡೆಯಬೇಕೆಂದು ಹೇಳಿಕೊಟ್ಟಿದ್ದರಂತೆ. ಸಾಹೇಬರು ಟಯರನ್ನು ನೆಲಕ್ಕಿಟ್ಟು ಏನೂ ಹೇಳದೆ ಬೀಡಿ ಹಚ್ಚಿದರು.

ಗಾಳಿಯ ಟಯರು ಹುಟ್ಟಿದ್ದೇ ಗಡುಸುತನವನ್ನು ಕಳೆಯಲಿಕ್ಕೆ ಎಂಬುದನ್ನು ಇಲ್ಲಿ ನೆನೆಯಬೇಕು. 1888ರಲ್ಲಿ ಬೆಲ್‌ಫಾಸ್ಟ್ ಪಟ್ಟಣದಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು, ಮಗನ ಮೂರು ಗಾಲಿಯ ಸೈಕಲ್ಲು ಗಟ್ಟಿ ರಬ್ಬರಿನ ಮೇಲೆ ಕುಲುಕಾಡುವುದನ್ನು ತಪ್ಪಿಸಲು ರಬ್ಬರಿನ ಕೊಳವೆಗೆ ಗಾಳಿ ತುಂಬಿ, ಬಟ್ಟೆಯಿಂದ ಸುತ್ತಿ ಗಾಲಿಗೆ ಬಿಗಿದರು. ಮರುವರ್ಷವೇ ಅಂಥ ಟಯರು ಹಾಕಿದ ಸೈಕಲ್ಲನ್ನೇರಿ ವಿಲ್ಲಿ ಹ್ಯೂಮ್ ಎಂಬಾತ ಅದೇ ಊರಿನ ಪಂದ್ಯಗಳಲ್ಲಿ ಗೆದ್ದನು. ಜಗತ್ತು ಕಣ್ಣು ತೆರೆಯಿತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವರು 1845ರಲ್ಲಿಯೇ ಇಂಥದಕ್ಕೆ ಹಕ್ಕುಪತ್ರ ಪಡೆದಿದ್ದರೆಂಬುದು ಆಮೇಲೆ ಬೆಳಕಿಗೆ ಬಂದು, ಡನ್‌ಲಪ್‌ರ ಹಕ್ಕು ಬಿದ್ದುಹೋಯಿತು. ಹೆಸರು ಮಾತ್ರ ಡನ್‌ಲಪ್‌ರದೇ ಉಳಿಯಿತು. ಮಗುವಿನ ಮೈ ನೋಯಬಾರದೆಂದು ಒಬ್ಬ ತಂದೆ ಮಾಡಿದ ವಸ್ತುವನ್ನು, ಕಲ್ಲಿನಷ್ಟು ಗಡುಸಾಗುವವರೆಗೆ ಉಬ್ಬಿಸಿ ಮತ್ತೆ ಗಟ್ಟಿ ರಬ್ಬರಿನ ಕಾಲಕ್ಕೆ ಒಯ್ಯುವುದು ವಿಚಿತ್ರವಲ್ಲವೇ?

ಅಂದು ರಾತ್ರಿ ಲೆಕ್ಕ ಹಾಕಿದೆ. ಹುಡುಗಿ, ಸೈಕಲ್ಲು, ನೀರಿನ ಸೀಸೆ ಎಲ್ಲ ಸೇರಿ 68 ಕಿಲೋ, ಅಂದರೆ 150 ಪೌಂಡು. ಹತ್ತರಲ್ಲಿ ನಾಲ್ಕು ಪಾಲು ಮುಂದಿನ ಗಾಲಿಯ ಮೇಲೆ, ಆರು ಪಾಲು ಹಿಂದಿನದರ ಮೇಲೆ ಬೀಳುವುದೆಂದು ಇಟ್ಟುಕೊಂಡರೆ ಮುಂದಕ್ಕೆ 60 ಪೌಂಡು. ಚದರ ಅಂಗುಲಕ್ಕೆ 60 ಪೌಂಡಿನಂತೆ ಗಾಳಿ ತುಂಬಿದರೆ ಟಯರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಚದರ ಅಂಗುಲ. 120 ತುಂಬಿದರೆ ಅರ್ಧ! ಇಡೀ ಮಗಳು ತಿರುವಿನಲ್ಲಿ ಆತುಕೊಂಡು ಹೋಗುವುದು ಅಂಚೆಚೀಟಿಯಷ್ಟು ಜಾಗದ ಮೇಲೆ ಎಂಬುದು ಮೊದಲ ಬಾರಿಗೆ ನನ್ನ ಮನಸ್ಸಿಗೆ ಬಂದು, ಪೆನ್ಸಿಲು ಕೆಳಗಿಟ್ಟೆ. ಜಾಗದ ಅಳತೆಯೊಂದೇ ಮುಖ್ಯವೂ ಅಲ್ಲ. ಗಡುಸಾದ ಟಯರು ಒರಟು ಟಾರಿನ ಮೇಲೆ ಪುಟಿಯುತ್ತದೆ. ಪುಟಿದ ಕ್ಷಣದಲ್ಲಿ ಅದು ಏನನ್ನೂ ಹಿಡಿದಿರುವುದಿಲ್ಲ. ತುಸು ದಪ್ಪದ ಟಯರಿಗೆ ಕಡಮೆ ಗಾಳಿ ಸಾಕಾಗುತ್ತದೆ, ಅದು ಕಲ್ಲಿನ ಮೇಲೆ ಬಾಗಿ ಹೋಗುತ್ತದೆ. ಇದರಿಂದ ವೇಗಕ್ಕೆ ಕುಂದೆಂದು ಬಹುಕಾಲ ಎಲ್ಲರೂ ನಂಬಿದ್ದರು. 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಪಂದ್ಯದ ಸವಾರರೇ ಕೆಲವು ವರ್ಷಗಳ ಹಿಂದಿನವರೆಗೂ 23 ಮಿಲಿಮೀಟರಿನ ಟಯರು ಬಳಸುತ್ತಿದ್ದವರು ಈಗ 28ಕ್ಕೆ, ಅದಕ್ಕೂ ಮೇಲಕ್ಕೆ ಬಂದಿದ್ದಾರೆ. ಅವರ ರಸ್ತೆಗಳಿಗೇ 28 ಬೇಕಾದರೆ ನಮ್ಮವಕ್ಕೆ?

ನಮ್ಮ ರಸ್ತೆಗಳೆಂದರೆ ಒಂದು ಬಗೆಯವಲ್ಲ. ಅರೇಹಳ್ಳಿಯ ಸುತ್ತ ಮಲೆನಾಡು. ಜೂನ್‌ನಿಂದ ಮರದ ನೆರಳಿನ ಟಾರು ತಿಂಗಳುಗಟ್ಟಲೆ ಒಣಗದು. ಸಿಲ್ವರ್ ಓಕಿನ ಎಲೆ, ಟ್ರ್ಯಾಕ್ಟರು ಎಳೆತಂದ ಕೆಸರು, ಅಂಚಿನಲ್ಲಿ ಹಾವಸೆ. (ಕಾಡಾನೆಗಳ ಮಾತನ್ನು ನಾನು ಎತ್ತುವುದಿಲ್ಲ, ಅದಕ್ಕೆ ಯಾವ ಟಯರೂ ಪರಿಹಾರವಲ್ಲ. ಬೆಳಕು ಹರಿಯುವ ಮುನ್ನ ಹೊರಡಕೂಡದೆಂಬುದು ಮನೆಯ ಕಟ್ಟಳೆ.) ಬೇಲೂರು ದಾಟಿ 16 ಕಿಲೋಮೀಟರು ಹೋಗಿ ಹಳೇಬೀಡು ಮುಟ್ಟುವಷ್ಟರಲ್ಲಿ ಬಯಲುಸೀಮೆ ಎದುರಾಗುತ್ತದೆ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಆ ಗುಡಿಯ ನುಣುಪನ್ನು ರಸ್ತೆಗಳಲ್ಲಿ ಹುಡುಕಬಾರದು. ಅಲ್ಲಿಂದ ಜಾವಗಲ್, ಅರಸೀಕೆರೆಯ ಕಡೆಗೆ ಜಾಲಿಯ ಮುಳ್ಳು. ಸುಗ್ಗಿ ಬಂದರೆ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕುತ್ತಾರೆ. ಮೇಲೆ ಜಾರುವ ಊರು, ಕೆಳಗೆ ಚುಚ್ಚುವ ಊರು; ಎರಡಕ್ಕೂ ಒಂದೇ ಸೈಕಲ್ಲು.

ಬೆಂಗಳೂರಿನ ಅಂಗಡಿ ಸಾಹೇಬರ ತಗಡಿನ ಮಾಡಿನಂತಿರಲಿಲ್ಲ. ತಂಪು ಗಾಳಿಯ ಯಂತ್ರ, ಗಾಜಿನ ಬಾಗಿಲು, ಗೋಡೆಗೆ ಹಾರದಂತೆ ತೂಗುಬಿಟ್ಟ ಟಯರುಗಳು. ಅಂಗಡಿಯ ಯುವಕ ಸಭ್ಯನು. ಆದರೆ ಆತನ ಬಾಯಲ್ಲಿ ಬರುತ್ತಿದ್ದುದೆಲ್ಲ ತೂಕದ ಮಾತು. ಇದು ಇಷ್ಟು ಗ್ರಾಂ ಹಗುರ, ಅದು ಅಷ್ಟು ಗ್ರಾಂ ಹಗುರ. ಹಗುರವಾದುದು ತೆಳು ಎಂಬುದನ್ನು ನಾನೇ ಕೇಳಿ ತಿಳಿಯಬೇಕಾಯಿತು. ಕೆಲವು ಟಯರುಗಳ ಒಡಲಲ್ಲಿ ಮುಳ್ಳನ್ನು ತಡೆಯುವ ಬಿಗಿ ನೇಯ್ಗೆಯ ಪಟ್ಟಿಯೊಂದು ಹುದುಗಿರುತ್ತದೆ. ಅವು ಭಾರ, ತುಸು ಮೊಂಡು. ಕೆಲವು ರೇಷ್ಮೆಯಂತೆ ಮಡಚಿಕೊಳ್ಳುತ್ತವೆ. ಅವು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತವೆ, ಬೇಗ ಸವೆಯುತ್ತವೆ. ಮಗಳ ಒಲವು ಮಡಚುವುದರ ಕಡೆ, ನನ್ನ ಒಲವು ಪಟ್ಟಿಯ ಕಡೆ. ಬೆಲೆ ಒಂದಕ್ಕೆ ಮೂರು ಸಾವಿರದ ಆಚೀಚೆ. ಒಂದು ಕಾಲದಲ್ಲಿ ನನ್ನ ಮೂರು ತಿಂಗಳ ಸಂಬಳ ಅಷ್ಟಿರಲಿಲ್ಲ ಎಂದು ಅಂಗಡಿಯಲ್ಲಿ ಹೇಳಬಾರದೆಂದು ಮಗಳು ಮೊದಲೇ ಮಾತು ತೆಗೆದುಕೊಂಡಿದ್ದಳು.

ಆಗ ನಮ್ಮಾಕೆಗೆ ಫೋನು ಮಾಡಿ ಟಯರಿನ ಚಿತ್ರ ಕಳುಹಿಸಿದೆವು. “ಇದರ ಮೈ ಬೋಳಾಗಿದೆಯಲ್ಲ! ಗೀರೇ ಇಲ್ಲದ ಮೇಲೆ ಮಳೆಯಲ್ಲಿ ಜಾರುವುದಿಲ್ಲವೇ?” ಎಂದರು. ಸರಿಯಾದ ಪ್ರಶ್ನೆ, ಕಾರಿನ ಟಯರು ನೋಡಿದವರೆಲ್ಲ ಕೇಳುವ ಪ್ರಶ್ನೆ. ಕಾರಿನ ಟಯರು ಅಗಲ, ಚಪ್ಪಟೆ; ವೇಗದಲ್ಲಿ ಅದರ ಕೆಳಗೆ ನೀರು ಸಿಕ್ಕಿಕೊಂಡು ಗಾಡಿ ತೇಲಿಬಿಡುವ ಅಪಾಯವಿದೆ; ಗೀರುಗಳು ಆ ನೀರಿಗೆ ಕಾಲುವೆ. ಸೈಕಲ್ಲಿನ ಟಯರು ದೋಣಿಯ ತಳದಂತೆ ಕಿರಿದು, ದುಂಡು. ನೀರನ್ನು ತಾನೇ ಸೀಳಿಕೊಂಡು ಹೋಗುತ್ತದೆ. ಟಾರಿನ ಮೇಲೆ ಹಿಡಿತ ಕೊಡುವುದು ಗೀರಲ್ಲ, ರಬ್ಬರಿನ ಮೆದುತನ. ಗೀರು ಬೇಕಾಗುವುದು ಮೆತ್ತನೆಯ ಮಣ್ಣಿನಲ್ಲಿ. “ಕೆಮ್ಮಣ್ಣು ಬಿದ್ದಿರುವ ತಿರುವಿನಲ್ಲಿ?” ಎಂದರು ಆಕೆ. ಅಲ್ಲಿ ಯಾವ ಟಯರೂ ಕಾಯುವುದಿಲ್ಲ, ನಿಧಾನ ಮಾಡಬೇಕು ಎಂದೆ. ಆ ಉತ್ತರ ಆಕೆಗೆ ಹಿಡಿಸಿತೆಂದು ಕಾಣುತ್ತದೆ, ಫೋನು ಇಟ್ಟರು.

ಕೊನೆಗೆ ಸಾಹೇಬರು ಹೊರಡುವಾಗ ಹೇಳಿದ್ದ ಮಾತೇ ತೀರ್ಪಾಯಿತು. “ಹಿಂದಿನ ಗಾಲಿ ಜಾರಿದರೆ ಸೈಕಲ್ಲು ಬಾಲ ಅಲ್ಲಾಡಿಸುತ್ತೆ, ಮನುಷ್ಯ ಸಂಭಾಳಿಸಬಹುದು. ಮುಂದಿನದು ಜಾರಿದರೆ ಆಮೇಲೆ ನೆಲವೇ. ಎಲ್ಲರೂ ಹಿಂದಿನದು ಬೇಗ ಸವೆಯುತ್ತೆ ಅಂತ ಹೊಸದನ್ನ ಹಿಂದಕ್ಕೆ ಹಾಕಿಸ್ತಾರೆ. ನಿಮ್ಮ ಹತ್ರ ಒಂದಕ್ಕೇ ದುಡ್ಡಿದ್ರೂ ಒಳ್ಳೇದನ್ನ ಮುಂದಕ್ಕೆ ಹಾಕಿ ಮೇಷ್ಟ್ರೇ.” ಹಾಗೆಯೇ ಮಾಡಿದೆವು. ಮುಂದಕ್ಕೆ ಮಗಳ ಆಯ್ಕೆಯ ಮಡಚುವ ಮೆದು ಟಯರು. ಭಾರವೂ ಮುಳ್ಳೂ ಹೆಚ್ಚಾಗಿ ಬೀಳುವ ಹಿಂದಕ್ಕೆ ನನ್ನ ಆಯ್ಕೆಯ ಪಟ್ಟಿಯ ಟಯರು. ಎರಡೂ 28. ಬ್ರೇಕಿನ ನಡುವೆ 32 ಹಿಡಿಯುತ್ತಿರಲಿಲ್ಲ. ಹಿಡಿದಿದ್ದರೆ ಅದನ್ನೇ ತರುತ್ತಿದ್ದೆ.

ತೊಡಿಸಿದವರು ಸಾಹೇಬರೇ. ಲಿವರು ಮುಟ್ಟದೆ ಹೆಬ್ಬೆರಳುಗಳಿಂದಲೇ ಅಂಚನ್ನು ರಿಮ್ಮಿನೊಳಕ್ಕೆ ತಳ್ಳಿದರು. ಸುತ್ತಲೂ ಒತ್ತಿ, ಟ್ಯೂಬು ಎಲ್ಲಿಯೂ ಅಂಚಿಗೆ ಸಿಕ್ಕಿಕೊಂಡಿಲ್ಲವೆಂದು ನೋಡಿದರು. ಪಂಪು ಮಾತ್ರ ಕೈಕೊಟ್ಟಿತು. ಈ ಟ್ಯೂಬಿನದು ಸೂಜಿಯಂಥ ಸಪೂರ ವಾಲು. ರಬ್ಬರಿನ ವಾಲ್ ಟ್ಯೂಬ್ ಕಂಡ ಪಂಪಿಗೆ ಅದು ಒಗ್ಗದು. ಅಂಗಡಿಯ ಯುವಕ ಕೊಟ್ಟಿದ್ದ ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆಯ ಮೂತಿಯೊಂದನ್ನು ಸಿಕ್ಕಿಸಿದ ಮೇಲೆ ಸ್ಕೂಟರಿನ ಪಂಪಿನಿಂದಲೇ ಗಾಳಿ ಹತ್ತಿತು. ಮುಂದಕ್ಕೆ 60, ಹಿಂದಕ್ಕೆ 70. ಓಟದ ಸೈಕಲ್ಲಿರುವವರು ಆ ಮೂತಿಯನ್ನು ಮನೆಯಲ್ಲಿ ಬಿಟ್ಟು ಹೊರಡಬಾರದು.

ಈಗ ಮಗಳು ಬೇಲೂರಿಗೆ ಹೋಗುತ್ತಾಳೆ, ಒಂದೊಂದು ಭಾನುವಾರ ಹಳೇಬೀಡಿಗೂ ಹೋಗುತ್ತಾಳೆ. ಆಕೆ ಹೊರಡುವ ಮುಂಚೆ ನಮ್ಮಾಕೆ ಅಂಗಳಕ್ಕೆ ಬಂದು, ಯಾರೂ ಹೇಳಿಕೊಡದಿದ್ದರೂ, ಮುಂದಿನ ಟಯರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಾರೆ. ಹೋದ ತಿಂಗಳು ಹಿಂದಿನ ಟಯರಿನಲ್ಲಿ ಒಂದಂಗುಲದ ಜಾಲಿಮುಳ್ಳು ಮುರಿದು ನಿಂತಿತ್ತು. ಪಟ್ಟಿ ಅದನ್ನು ಟ್ಯೂಬಿನವರೆಗೆ ಬಿಟ್ಟಿರಲಿಲ್ಲ. ಆದರೂ ಆ ಟಯರಿನ ನಡುಬೆನ್ನು ಆಗಲೇ ಚಪ್ಪಟೆಯಾಗತೊಡಗಿದೆ. ಅದು ಸವೆದ ದಿನ ಹೊಸದು ಮುಂದಕ್ಕೆ, ಮುಂದಿನದು ಹಿಂದಕ್ಕೆ ಎಂದು ಸಾಹೇಬರ ಕಟ್ಟಳೆ. ಬಿಚ್ಚಿದ್ದನ್ನು ಕತ್ತರಿಸಿ ಗೇಟರಿಗೆ ಇಟ್ಟುಕೊಳ್ಳುವುದಾಗಿ ಈಗಲೇ ಹೇಳಿಟ್ಟಿದ್ದಾರೆ. ಮುಂದಿನದು ತೆಳು, ಹಿಂದಕ್ಕೆ ಹೋದರೆ ಹಳೇಬೀಡಿನ ಮುಳ್ಳಿಗೆ ತಡೆಯದು ಎಂದು ಮಗಳು. ಒಳಗೆ ಗೇಟರು ಕೊಟ್ಟು ತಡೆಸುತ್ತೇನೆ ಎಂದು ಸಾಹೇಬರು. ಇಬ್ಬರೂ ನನ್ನ ಮುಖ ನೋಡುತ್ತಿದ್ದಾರೆ.